ಹದಿನಾಲ್ಕನೆಯ ಸಾಲು

ಅವನು ಕೈ ಬಿಟ್ಟಾಗ ಅನಿಕಾಳ ಮಣಿಕಟ್ಟಿನ ಮೇಲೆ ನಾಲ್ಕು ಬೆರಳುಗಳು ಎದ್ದಿದ್ದವು. ಮೊದಲು ಬೆಳ್ಳಗೆ, ಆಮೇಲೆ ಕೆಂಪಗೆ. ಮೃತ್ಯುಂಜಯ ಅವನ್ನು ಎಣಿಸಿದ. ಎಣಿಸುವುದು ಅವನ ಉದ್ಯೋಗ. ಬ್ರಿಡ್ಜ್‌ವಾಟರಿನ ಔಷಧ ಕಂಪನಿಯೊಂದರಲ್ಲಿ, ಯಾವ ಮಾತ್ರೆ ನುಂಗಿದವರಲ್ಲಿ ಎಷ್ಟು ಮಂದಿ ಉಳಿದರು ಎಂದು ಲೆಕ್ಕ ಹಾಕುವ ಸಂಖ್ಯಾಶಾಸ್ತ್ರಜ್ಞ ಅವನು.

ಇಬ್ಬರ ನಡುವೆ ಹರಿದ ಹಾಳೆ ಬಿದ್ದಿತ್ತು. ಅಮೆರಿಕದ 1950ರ ಜನಗಣತಿಯ ಒಂದು ಪುಟದ ಪ್ರಿಂಟು. ಅನಿಕಾ ಅದನ್ನು ಹರಿಯಬೇಕೆಂದು ಹರಿದಿರಲಿಲ್ಲ. "ದಿಸ್ ಈಸ್ ಯುವರ್ ಥಿಂಗ್, ಅಪ್ಪಾ. ನಾಟ್ ಮೈನ್" ಎಂದು ವಾಪಸು ಅವನ ಕೈಗೆ ತುರುಕಲು ಹೋದಾಗ ಅದು ತಾನಾಗಿ ಹರಿದಿತ್ತು. ಇನ್ನೊಂದು ಪ್ರತಿ ತೆಗೆಯಲು ಪ್ರಿಂಟರಿಗೆ ಹನ್ನೊಂದು ಸೆಕೆಂಡು ಸಾಕು. ಅದು ಅವನಿಗೆ ಹೊಳೆದದ್ದು ಕೈ ಬಿಟ್ಟ ಮೇಲೆ.

ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು. ಚಟ್ನಿ ನುಣ್ಣಗಾಗಿ ಎಷ್ಟೋ ಹೊತ್ತಾಗಿದ್ದರೂ ಓಡುತ್ತಲೇ ಇತ್ತು. ಈ ಮನೆಯಲ್ಲಿ ಧ್ವನಿ ಏರಿದಾಗಲೆಲ್ಲ ರಜನಿಗೆ ಅರೆಯುವುದು ಏನಾದರೂ ಇರುತ್ತಿತ್ತು. ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟುಗಳ ಗೋಡೆ ಬಲು ತೆಳುವು. ಆ ಕಡೆಯ ಮನೆಯವರೂ ಈ ಕಡೆಯ ಮನೆಯವರೂ ಸಿಕ್ಕಾಗ ನಗುವವರು.

ಮಿಕ್ಸಿ ನಿಂತಿತು. ರಜನಿ ಕೈ ಒರೆಸಿಕೊಂಡು ಬಂದು ಮಗಳ ಮಣಿಕಟ್ಟು ನೋಡಿದಳು. ಗಂಡನನ್ನು ನೋಡಲಿಲ್ಲ.

"ತೋಳು ಉದ್ದ ಇರೋದು ಹಾಕ್ಕೋ ಪುಟ್ಟಾ," ಎಂದಳು. "ಹೊರಗೆ ತುಂಬಾ ಚಳಿ."

ಹದಿನೈದರ ಅನಿಕಾ ಒಳಗೆ ಹೋಗಿ ಬೂದು ಸ್ವೆಟರ್ ತೊಟ್ಟು ಬಂದಳು. ಹಾಳೆಯಲ್ಲಿದ್ದ ಊರು ಹೋಬೋಕನ್‌ಗೆ ಅಪ್ಪ ಮಗಳು ಹೋಗುವುದೆಂದು ತೀರ್ಮಾನವಾದದ್ದು ಹಾಗೆ.

ಗದಗಿನ ಮನೆಯ ಪಡಸಾಲೆಯಲ್ಲಿ ಅಜ್ಜ ನಾಗಲಿಂಗಪ್ಪನ ಫೋಟೋ ಇತ್ತು. ಹತ್ತಿಯ ಜಿನ್ನಿನಿಂದ ಮುಂಬಯಿಯ ಗಿರಣಿಗೆ, ಗಿರಣಿಯಿಂದ ಹಡಗಿನ ಒಲೆಗೆ ಕಲ್ಲಿದ್ದಲು ಒಟ್ಟುವ ಕೆಲಸಕ್ಕೆ ಹೋದವನು. ಯುದ್ಧದ ಕಾಲದಲ್ಲಿ ಹಡಗು ಮುಳುಗಿತೆಂದು ಕಂಪನಿಯ ಕಾಗದ ಬಂತು. ಇಪ್ಪತ್ತೊಂದರ ಅಜ್ಜಿ ಶಿವಕ್ಕ ಬಳೆ ಒಡೆದುಕೊಂಡಳು. ಅವಳ ತೊಡೆಯ ಮೇಲಿದ್ದ ಕೂಸು ಮುಂದೆ ಮೃತ್ಯುಂಜಯನ ಅಪ್ಪ ಶಿವಶಂಕರಪ್ಪನಾಯಿತು. ಅಪ್ಪ ಹೊಡೆಯುವ ಮುನ್ನ ಮಗನನ್ನು ಆ ಫೋಟೋದ ಕೆಳಗೇ ನಿಲ್ಲಿಸುತ್ತಿದ್ದ. ಸಮುದ್ರದಲ್ಲಿ ಸತ್ತ ದೊಡ್ಡ ಮನುಷ್ಯನ ಮೊಮ್ಮಗ ಲೆಕ್ಕದಲ್ಲಿ ತಪ್ಪು ಮಾಡಬಾರದಿತ್ತು.

ಹುಡುಕಾಟ ಶುರುವಾದದ್ದು ಆಫೀಸಿನ ಊಟದ ಮೇಜಿನಲ್ಲಿ. ಸಹೋದ್ಯೋಗಿಯೊಬ್ಬ ತನ್ನ ಮುತ್ತಜ್ಜನ ಹೆಸರಿದ್ದ ಹಳೆಯ ಗಣತಿಯ ಪುಟವನ್ನು ಫೋನಿನಲ್ಲಿ ತೋರಿಸಿದ್ದ. ಎಪ್ಪತ್ತೆರಡು ವರ್ಷ ಬೀಗ ಹಾಕಿಟ್ಟು ಆಮೇಲೆ ಎಲ್ಲರಿಗೂ ಬಿಟ್ಟುಕೊಡುತ್ತಾರಂತೆ. ಹತ್ತೊಂಬತ್ತು ವರ್ಷದಿಂದ ವೀಸಾದ ಮೇಲಿದ್ದು, ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತಿದ್ದ ಮೃತ್ಯುಂಜಯ ಅಂದು ಸಂಜೆ ತಮಾಷೆಗೆಂದೇ ಅಜ್ಜನ ಹೆಸರು ಟೈಪ್ ಮಾಡಿದ. ಸಿಗಲಿಲ್ಲ. ಬೇರೆ ಸ್ಪೆಲಿಂಗ್‌ನಲ್ಲಿ ಹಾಕಿದ. ಆಮೇಲೆ ಹೆಸರು ಬಿಟ್ಟು, ಬಂದರಿನ ಊರುಗಳಲ್ಲಿ ಇಂಡಿಯಾದಲ್ಲಿ ಹುಟ್ಟಿದವರನ್ನೆಲ್ಲ ಒಬ್ಬೊಬ್ಬರಾಗಿ ನೋಡತೊಡಗಿದ. ಎಂಟು ತಿಂಗಳ ಶನಿವಾರಗಳು ಹೋದವು. ಸತ್ತವನನ್ನು ಯಾಕೆ ಹುಡುಕುತ್ತಿದ್ದೇನೆ ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

ಸಿಕ್ಕಿದ್ದು ಹೋಬೋಕನ್‌ನ ಗಾರ್ಡನ್ ಸ್ಟ್ರೀಟಿನ ಒಂದು ಪುಟದ ಹದಿನಾಲ್ಕನೆಯ ಸಾಲಿನಲ್ಲಿ. 'ಲಿಂಗಪ್, ನಾಗ್ಲಿ. ಮನೆಯ ಯಜಮಾನ. ವಯಸ್ಸು 36. ಹುಟ್ಟಿದ್ದು ಗದಗ್, ಇಂಡಿಯಾ.' ಜನಾಂಗದ ಕಾಲಮ್ಮಿನಲ್ಲಿ ಮೊದಲು ನೀಗ್ರೋ ಎಂದು ಬರೆದು, ಹೊಡೆದುಹಾಕಿ, ಹಿಂದೂ ಎಂದು ತಿದ್ದಿದ್ದರು. ಕೆಲಸ: ಹಡಗುಕಟ್ಟೆಯ ಕೂಲಿ. ಹಿಂದಿನ ವಾರ ದುಡಿದ ಗಂಟೆ: 48. ಅದರ ಕೆಳಗೆ ಹೆಂಡತಿ ಲೂಸ್, ಹುಟ್ಟಿದ್ದು ಪೋರ್ಟೊ ರಿಕೊ. ಅದರ ಕೆಳಗೆ ಮಗಳು, ಆರು ವರ್ಷ. ಹೆಸರು ಶಿವಾಕಾ.

ಅಜ್ಜ ಮುಳುಗಿರಲಿಲ್ಲ. ಹಡಗು ಹೊರಡುವ ಮುಂಚೆ ಇಳಿದುಬಿಟ್ಟಿದ್ದ, ಅಷ್ಟೆ. ಇಲ್ಲಿ ಹೆಂಡತಿ ಇದ್ದದ್ದಕ್ಕೆ ಮೃತ್ಯುಂಜಯ ಒಂದೇ ದಿನದಲ್ಲಿ ಕಾರಣ ಹುಡುಕಿದ: ತಲೆಗೆ ಪೆಟ್ಟು ಬಿದ್ದು ನೆನಪು ಹೋಗಿರಬೇಕು. ಆದರೂ ಮಗಳಿಗೆ ಅಜ್ಜಿಯ ಹೆಸರಿಟ್ಟಿದ್ದಾನೆ, ನೋಡಿ. ಇದನ್ನು ಕನ್ನಡ ಕೂಟದವರಿಗೆ ಹೇಳುವಾಗ ಅವನ ಕಣ್ಣು ತುಂಬಿತ್ತು. ಯುಗಾದಿಗೆ ಭಾಷಣ ನಿಗದಿಯಾಯಿತು. 'ಹಡ್ಸನ್ ದಂಡೆಯ ಮೊದಲ ಕನ್ನಡಿಗ', ನಲವತ್ತು ಸ್ಲೈಡು. ಇಮಿಗ್ರೇಷನ್ ವಕೀಲನನ್ನೂ ಕೇಳಿದ. ಅಜ್ಜ ಇಲ್ಲಿದ್ದುದರಿಂದ ಕ್ಯೂ ಒಂದು ದಿನವೂ ಮುಂದೆ ಸರಿಯುವುದಿಲ್ಲ ಎಂದು ವಕೀಲ ಗಂಭೀರವಾಗಿಯೇ ಉತ್ತರ ಬರೆದ. ಇರಲಿ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಯಾರಾದರೂ ಹಾರ್ನ್ ಹೊಡೆದರೆ ಮೃತ್ಯುಂಜಯ ಈಗ, ನಿಮ್ಮಪ್ಪ ಹುಟ್ಟುವ ಮೊದಲು ನಮ್ಮಜ್ಜ ಇಲ್ಲಿದ್ದ ಎಂದುಕೊಳ್ಳುತ್ತಿದ್ದ.

ಹಾಳೆಯ ಅಂಚಿನಲ್ಲಿ ಬೀದಿಯ ಹೆಸರು, ಮನೆ ನಂಬರು ಎರಡೂ ಇದ್ದವು. ಆ ವಿಳಾಸಕ್ಕೆ, 'ಅಲ್ಲಿ ವಾಸಿಸುವವರಿಗೆ' ಎಂದು ಒಂದು ಕಾಗದ ಹಾಕಿದ. ಜೊತೆಗೆ ಪುಟದ ಪ್ರತಿ. ಹತ್ತು ದಿನದ ಮೇಲೆ ಮುದುಕಿಯೊಬ್ಬಳ ಫೋನು ಬಂತು. ಹದಿನಾರನೆಯ ಸಾಲು ನಾನು ಎಂದಳು. ಶನಿವಾರ ಬಾ, ಸಿಹಿ ತರಬೇಡ, ಸಕ್ಕರೆ ಕಾಯಿಲೆ ಇದೆ ಎಂದಳು. ಅಷ್ಟು ಹೇಳಿ ಫೋನಿಟ್ಟಳು.

ಕಾರಿನಲ್ಲಿ ಅನಿಕಾ ಕಿಟಕಿಗೆ ಹಣೆ ಆನಿಸಿ ಕೂತಿದ್ದಳು. ಫೆಬ್ರವರಿಯ ಬಿಸಿಲು ರಸ್ತೆಯ ಉಪ್ಪಿನ ಮೇಲೆ ಬಿದ್ದು ಕಣ್ಣು ಚುಚ್ಚುತ್ತಿತ್ತು. ಮೃತ್ಯುಂಜಯ ಅಜ್ಜನ ಕಥೆಯನ್ನು ಇನ್ನೊಮ್ಮೆ ಹೇಳಿದ. ಬೇರು ಗೊತ್ತಿಲ್ಲದವರು ಗಾಳಿಗೆ ಹಾರುತ್ತಾರೆ ಎಂದ. ಬೆಳಿಗ್ಗೆಯದಕ್ಕೆ ಅವನು ಕ್ಷಮೆ ಕೇಳಬೇಕೆಂದಿದ್ದ. ಬೇರಿನ ಮಾತು ಅದರ ಬದಲಿಗೆ ಬಂದಿತ್ತು.

ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು, ಇಂಗ್ಲಿಷಿನಲ್ಲಿ. ಗಂಡ ತೀರಿಕೊಂಡ ಎಂದು ಕೇಳಿದಾಗ ಶಿವಕ್ಕನಿಗೆ ಹೇಗನಿಸಿತು ಎಂದು ಯಾರಾದರೂ ಅವಳನ್ನೇ ಕೇಳಿದ್ದರಾ?

"ಅದೇನು ಕೇಳೋ ಮಾತಾ?" ಎಂದ.

ಅವಳು ಮತ್ತೆ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡಳು.

ಬೀದಿಯಲ್ಲಿ ಪಕ್ಕದ ಮನೆಗಳೆಲ್ಲ ಹೊಸ ಬಣ್ಣ, ಹೊಸ ಬಾಗಿಲು, ತಳ್ಳುಗಾಡಿಯ ಕೂಸುಗಳು. ಆ ಒಂದು ಕಟ್ಟಡ ಮಾತ್ರ ಹಾಗೇ ಉಳಿದಿತ್ತು. ಒಳಗೆ ಕಿರಿದಾದ, ಕಡಿದಾದ ಮೆಟ್ಟಿಲು. ಮೃತ್ಯುಂಜಯ ಮೆಟ್ಟಿಲುಗಳ ಫೋಟೋ ತೆಗೆದ. ಅಜ್ಜ ಹತ್ತಿದ ಮೆಟ್ಟಿಲು, ಸ್ಲೈಡಿಗೆ ಒಳ್ಳೆಯದು.

ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆದು ನಿಂತವಳಿಗೆ ಎಂಬತ್ತೊಂದು ವರ್ಷ. ಬೆಳ್ಳಗಿನ ಗಿಡ್ಡ ಕೂದಲು, ಗಂಡಸಿನ ಸ್ವೆಟರು. ಅವನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡು ಬಂದಿದ್ದ 'ಅತ್ತೆ' ಎಂಬ ಶಬ್ದದ ಬದಲು 'ಹಲೋ' ಎಂದ. ಮುಖ ಅವನ ಅಪ್ಪನದು. ಹೋದ ವರ್ಷ ಗದಗದಲ್ಲಿ ಮಣ್ಣು ಮಾಡಿದ ಮುಖ.

ತನ್ನನ್ನು ಎಲ್ಲರೂ ಶೀವಾ ಎನ್ನುತ್ತಾರೆ ಎಂದಳು. ಚಹಾ ಕೊಟ್ಟಳು. ರೇಡಿಯೇಟರು ಬುಸುಗುಡುತ್ತಿತ್ತು, ಕೋಣೆ ಕಾದ ಕಾವಲಿಯಂತಿತ್ತು. ಮೃತ್ಯುಂಜಯ ಅಪ್ಪಣೆ ಕೇಳಿ ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದ. ಫೋಲ್ಡರಿನಿಂದ ಹಾಳೆಯ ಹೊಸ ಪ್ರತಿ ತೆಗೆದು ಅವಳ ಮುಂದೆ ಇಟ್ಟ.

ಅವಳು ಭೂತಗನ್ನಡಿ ಹಿಡಿದು ನಿಧಾನವಾಗಿ ಓದಿದಳು. ಗಣತಿಗೆ ಬಂದ ಹೆಂಗಸು ನೆನಪಿದ್ದಾಳೆ ಎಂದಳು. ನೀಲಿ ಹ್ಯಾಟು, ಕಂಕುಳಲ್ಲಿ ದೊಡ್ಡ ಪುಸ್ತಕ. ಅಮ್ಮ ಬಾಗಿಲನ್ನು ಅರ್ಧ ತೆರೆದು ನಿಂತಿದ್ದಳು, ಉಳಿದರ್ಧದ ಹಿಂದೆ ಮುಖ. ಅಪ್ಪ ಹೊರಗೆ ಬಂದು ಎಲ್ಲ ಪ್ರಶ್ನೆಗೂ ಮರ್ಯಾದೆಯಿಂದ ಉತ್ತರ ಕೊಟ್ಟ, ಊರಿನ ಹೆಸರಿನ ಸ್ಪೆಲಿಂಗ್ ಸಹ ಹೇಳಿದ. ಆ ಹೆಂಗಸು ಅಮ್ಮನ ದವಡೆಯನ್ನು ನೋಡಿದಳು, ನನ್ನನ್ನು ನೋಡಿದಳು, ಪುಸ್ತಕ ನೋಡಿದಳು.

"ಅವಳಿಗೆ ಎಲ್ಲಾ ಕಂಡಿತ್ತು," ಎಂದಳು ಶೀವಾ. "ಬರೆಯೋಕೆ ಕಾಲಮ್ ಇರಲಿಲ್ಲ."

ಮೃತ್ಯುಂಜಯ ನಕ್ಕ. ಯಾಕೆ ನಕ್ಕೆನೆಂದು ಅವನಿಗೆ ತಿಳಿಯಲಿಲ್ಲ. ಆಗಿನ ಕಾಲದವರು ಹಾಗೆ, ಕಷ್ಟದ ಜೀವನ, ಕುಡಿಯುವವರೂ ಇದ್ದರು ಎಂದು ಏನೋ ಗೊಣಗಿದ.

ಕುಡಿಯುತ್ತಿರಲಿಲ್ಲ ಎಂದಳು ಅವಳು. ಎಲ್ಲರೂ ಅದನ್ನೇ ಕೇಳುತ್ತಾರೆ. ಒಂದು ತೊಟ್ಟೂ ಮುಟ್ಟಿದವನಲ್ಲ. ಕೆಲಸದಿಂದ ಬಂದು ಕೋಟು ತೂಗುಹಾಕುತ್ತಿದ್ದ. ಸೋಪು ಹಚ್ಚಿ ಮೊಳಕೈವರೆಗೂ ಕೈ ತೊಳೆಯುತ್ತಿದ್ದ. ಒರೆಸಿಕೊಂಡ ಮೇಲೆ ಕರೆಯುತ್ತಿದ್ದ, 'ಶಿವಕ್ಕ'. ಅದು ನನ್ನ ಹೆಸರು. ಆದರೆ ಆ ಹೆಸರು ಕರೆದು ಹೊಡೆಯುತ್ತಿದ್ದುದು ಅಮ್ಮನನ್ನು. ಯಾರನ್ನು ಕರೆದ ಎಂದು ಗೊತ್ತಾಗದೆ ನಾವಿಬ್ಬರೂ ಎದ್ದು ನಿಲ್ಲುತ್ತಿದ್ದೆವು.

ಅನಿಕಾ ಕಿವಿಯಿಂದ ಇಯರ್‌ಬಡ್ ತೆಗೆದಿದ್ದಳು.

ಮೃತ್ಯುಂಜಯನಿಗೆ ಗದಗಿನ ಅಡುಗೆಮನೆ ಕಂಡಿತು. ಅಜ್ಜಿಯ ಎಡಗಿವಿ ಕೇಳುತ್ತಿರಲಿಲ್ಲ. ಎಳೆತನದಲ್ಲಿ ಜ್ವರ ಬಂದು ಹೋಯಿತು ಎನ್ನುತ್ತಿದ್ದರು. ಅಜ್ಜನ ತಿಥಿಯ ದಿನ ಎಲ್ಲರೂ ಫೋಟೋದ ಮುಂದೆ ಕೂತಿದ್ದಾಗ ಅವಳು ಒಲೆ ಬಿಟ್ಟು ಏಳುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ, "ಸಮುದ್ರಕ್ಕ ಪುಣ್ಯ ಬರ್ಲಿ" ಎನ್ನುತ್ತಿದ್ದಳು. ದುಃಖದ ಮಾತು ಎಂದು ಅವನು ಐವತ್ತು ವರ್ಷ ತಿಳಿದಿದ್ದ.

ಮುದುಕಿ ಮುಂದುವರಿಸಿದಳು. ಅವಳ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಕಟ್ಟೆಯ ಕೂಲಿಗಳ ಹತ್ತಿರ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ ಇರುತ್ತಿತ್ತು, ಕೈಹಿಡಿ ಮರದ್ದು. 1953ರ ಚಳಿಗಾಲದಲ್ಲಿ ಒಂದು ಸಂಜೆ ಅಪ್ಪ ಅಮ್ಮನ ಎಡಗೈಯನ್ನು ಇದೇ ಮೇಜಿನ ಮೇಲೆ ಚಾಚಿಸಿ, ಅಂಗೈಯ ನಡುವೆ ಆ ಕೊಕ್ಕೆ ಇಳಿಸಿದ. ಸಾರಿಗೆ ಉಪ್ಪು ಹೆಚ್ಚಾಗಿತ್ತಂತೆ. ಆಮೇಲೆ ಮತ್ತೆ ಕೈ ತೊಳೆದುಕೊಂಡು ಊಟ ಮುಗಿಸಿದ. ಅಮ್ಮ ಊಟ ಮುಗಿಯುವ ತನಕ ಮೇಜಿಗೆ ಹಾಗೇ ನೆಟ್ಟುಕೊಂಡು ಕೂತಿದ್ದಳು. ನನಗೆ ಒಂಬತ್ತು ವರ್ಷ. ನನ್ನ ತಟ್ಟೆಯಲ್ಲೂ ಸಾರು ಇತ್ತು. ನಾನು ತಿಂದೆ.

ಮೃತ್ಯುಂಜಯ ಮೇಜಿನಿಂದ ಮೊಳಕೈ ತೆಗೆದ. ಮರದಲ್ಲಿ ಒಂದು ತೂತು ಇತ್ತೋ ಇಲ್ಲವೋ, ಅವನು ನೋಡಲಿಲ್ಲ.

ಮರುವಾರ ಒಂದು ಮುಂಜಾನೆ, ಅಪ್ಪ ಕೆಲಸಕ್ಕೆ ಹೊರಡುವ ಹೊತ್ತಿಗೆ, ಶೀವಾ ಕಲ್ಲಿದ್ದಲಿನ ಬಕೆಟ್ಟನ್ನು ಮೇಲಿನಿಂದ ಎರಡನೆಯ ಮೆಟ್ಟಿಲ ಮೇಲೆ ಇಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಕೆಳಗಿನವರೆಗೂ ಹೋದ. ಕುತ್ತಿಗೆ ಒಂದು ಕಡೆಗೆ ತಿರುಗಿತ್ತು, ಆದರೆ ಜೀವ ಇತ್ತು. ಅಮ್ಮ ಬಂದು ನೋಡಿದಳು. ಇಬ್ಬರೂ ಮೇಲಿನ ಮೆಟ್ಟಿಲಲ್ಲಿ ಕೂತರು. ಅವನು ಕೂಗುತ್ತಿರಲಿಲ್ಲ, ಒಂದೇ ಮಾತು ಮತ್ತೆ ಮತ್ತೆ ಹೇಳುತ್ತಿದ್ದ. ಸುಮಾರು ಒಂದು ಗಂಟೆ.

"ನಿಮ್ಮ ಭಾಷೆಯಲ್ಲಿ ನನಗೆ ಗೊತ್ತಿರೋದು ಅದೊಂದೇ ಶಬ್ದ," ಎಂದಳು ಶೀವಾ. ನಾಲಿಗೆಯನ್ನು ಎಚ್ಚರಿಕೆಯಿಂದ ಹೊರಳಿಸಿ ಹೇಳಿದಳು. "ನೀರು."

ಅದರ ಅರ್ಥ ಆಗಲೂ ಗೊತ್ತಿತ್ತು. ಊಟಕ್ಕೆ ಕೂತಾಗ ದಿನಾ ಕೇಳುತ್ತಿದ್ದನಲ್ಲ.

ನಲವತ್ತು ಸ್ಲೈಡುಗಳ ಆ ಮನುಷ್ಯ ಗಾರ್ಡನ್ ಸ್ಟ್ರೀಟಿನ ಮೆಟ್ಟಿಲ ಬುಡದಲ್ಲಿ, ಸಮುದ್ರದ ಈಚೆ, ಬಾಯಾರಿ ಬಿದ್ದಿದ್ದ. ಮೃತ್ಯುಂಜಯನಿಗೆ ಅಳು ಬರಬೇಕಿತ್ತು. ಬಂದದ್ದು ಬೇರೆ. ಭುಜದಿಂದ ತೋಳಿಗೆ ಅದು ಇಳಿಯುವುದು ಅವನಿಗೆ ಹೊಸದಲ್ಲ. ಅದು ಬಂದಾಗ ಮಾತ್ರ ಅವನ ಬಾಯಿಗೆ ಗದಗ ಬರುತ್ತಿತ್ತು.

"ನೀರ ಕೊಡ್ಲಿಲ್ಲೇನ?" ಎಂದ. "ಸಾಯೋ ಮನಷ್ಯಾಗ ಒಂದ್ ಗುಟುಕ ನೀರ ಕೊಡ್ಲಿಲ್ಲೇನ ನೀ?"

ಅವನ ಕೈ ಮೇಜು ದಾಟಿ ಮುದುಕಿಯ ಮಣಿಕಟ್ಟನ್ನು ಹಿಡಿದಿತ್ತು. ಹಕ್ಕಿಯ ಎಲುಬು. ಚರ್ಮದ ಕೆಳಗೆ ಎರಡು ಮೂಳೆಗಳು ಒಂದರ ಮೇಲೊಂದು ಹೊರಳುವುದು ಅವನ ಬೆರಳಿಗೆ ತಿಳಿಯಿತು. ಬಿಡಬೇಕೆಂದುಕೊಂಡ. ಕೈ ಇನ್ನೂ ಬಿಗಿಯಿತು. ಮಗ್ಗು ಉರುಳಿ, ಚಹಾ ಹಾಳೆಯ ಮೇಲೆ ಹರಡಿ, ಮೂವತ್ತು ಸಾಲುಗಳೂ ಕಂದಿದವು.

ಶೀವಾ ಕೈ ಎಳೆದುಕೊಳ್ಳಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಅವಳು ನೋಡಿದ್ದು ಅನಿಕಾಳನ್ನು. ಸೆಕೆಗೆ ಅನಿಕಾ ಸ್ವೆಟರಿನ ತೋಳು ಮೇಲೆ ಸರಿಸಿಕೊಂಡಿದ್ದಳು. ಬೆಳಗಿನ ಕೆಂಪು ಈಗ ನೀಲಿಗೆ ತಿರುಗಿತ್ತು.

"ಅಪ್ಪಾ, ಬಿಡು."

ಅನಿಕಾ ಹೇಳಿದ್ದು ಕನ್ನಡದಲ್ಲಿ. ಎಷ್ಟೋ ವರ್ಷದಿಂದ ಅವಳು ಅವನ ಜೊತೆ ಕನ್ನಡ ಆಡಿರಲಿಲ್ಲ. ಧ್ವನಿ ರಜನಿಯದಾಗಿತ್ತು, ಪಕ್ಕದ ಮನೆಗೆ ಕೇಳಿಸದ ಹಾಗೆ ಆಡುವ ಧ್ವನಿ.

ಅವನು ಬಿಟ್ಟ.

ಮುದುಕಿ ನೋಯುವ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಬೆರಳುಗಳು ಮಡಚುತ್ತಿರಲಿಲ್ಲ. ಅನಿಕಾಳಿಗೆ ಇಂಗ್ಲಿಷಿನಲ್ಲಿ, ಪಾಠ ಹೇಳುವಷ್ಟು ಸಾವಧಾನದಿಂದ ಹೇಳಿದಳು. ಆ ದಿನ ಬಾಗಿಲಿಗೆ ಬಂದಾಕೆ ನನ್ನನ್ನು ಏನನ್ನೂ ಕೇಳಲಿಲ್ಲ. ಆಮೇಲೆ ಶಾಲೆಯವರೂ ಕೇಳಲಿಲ್ಲ, ಪಾದ್ರಿಯೂ ಕೇಳಲಿಲ್ಲ. ಅದಕ್ಕೇ ಬಕೆಟ್ಟು ಇಡಬೇಕಾಯಿತು.

"ನಾನು ಕೇಳ್ತಿದ್ದೀನಿ," ಎಂದಳು. "ನೀನು ಹೂಂ ಅಂದ್ರೆ ಫೋನ್ ಮಾಡ್ತೀನಿ. ಅನ್ನದಿದ್ರೆ ಇಲ್ಲ."

ಮೇಜಿನ ಮೇಲೆ ಅವನ ಫೋನು ಇನ್ನೂ ರೆಕಾರ್ಡ್ ಮಾಡುತ್ತಿತ್ತು. ಕೆಂಪು ಅಂಕಿಗಳು ಓಡುತ್ತಿದ್ದವು.

ಮೃತ್ಯುಂಜಯನ ತಲೆ ಚುರುಕಾಗಿ ಲೆಕ್ಕ ಹಾಕಿತು. ಪೊಲೀಸು, ಕೇಸು, ಬೆರಳಚ್ಚು, ಹತ್ತೊಂಬತ್ತು ವರ್ಷ. ಗ್ರೀನ್ ಕಾರ್ಡಿನ ಅರ್ಜಿಯಲ್ಲಿ ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ ಎಂಬ ಪ್ರಶ್ನೆ ಇದೆ. ಅದಕ್ಕೆ ಕಾಲಮ್ ಇದೆ. ಮಗಳ ಕೈ ನೋಡುತ್ತಿದ್ದಾಗಲೂ ಅವನು ಯೋಚಿಸಿದ್ದು ಇದನ್ನೇ. ಇದು ಅವನಿಗೆ ತಿಳಿಯಿತು, ತಿಳಿದೂ ಲೆಕ್ಕ ನಿಲ್ಲಲಿಲ್ಲ.

"ಅನಿಕಾ, ಮನೆಗೆ ಹೋಗೋಣ ಏಳು. ಅಮ್ಮ ಕಾಯ್ತಿರ್ತಾಳೆ."

ಅವಳು ಏಳಲಿಲ್ಲ. ಉರುಳಿದ ಮಗ್ಗನ್ನು ನಿಲ್ಲಿಸಿ, ಹಿಡಿಯನ್ನು ತನ್ನ ಕಡೆ ತಿರುಗಿಸಿಟ್ಟಳು.

"ಯೂ ಗೋ ಡೌನ್, ಅಪ್ಪಾ," ಎಂದಳು. "ಐ'ಲ್ ಕಮ್."

ಮುಂಜಾನೆಯ ಕೈ ಮತ್ತೆ ಏಳಬಹುದಿತ್ತು. ಅವಳ ತೋಳು ಹಿಡಿದು ಎಳೆದುಕೊಂಡು ಹೋಗಬಹುದಿತ್ತು. ಅವಳು ಅದಕ್ಕಾಗಿ ಕಾಯುತ್ತಿದ್ದಂತೆ ಕೂತಿದ್ದಳು. ಅವನು ಜಾಕೆಟ್ ಎತ್ತಿಕೊಂಡು ಬಾಗಿಲು ಎಳೆದುಕೊಂಡ. ಹಿಂದೆ ಚಿಲಕ ಬಿದ್ದ ಸದ್ದು ಕೇಳಿತು. ಯಾರು ಹಾಕಿದರು ಎಂದು ಗೊತ್ತಾಗಲಿಲ್ಲ.

ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಕೊನೆಯ ಮೆಟ್ಟಿಲ ಕೆಳಗೆ ಯಾರದೋ ಆನ್‌ಲೈನ್ ಪಾರ್ಸೆಲ್ಲುಗಳು ರಾಶಿ ಬಿದ್ದಿದ್ದವು. ಅವನ್ನು ದಾಟಿಕೊಂಡು ಹೊರಗೆ ಬಂದ.

ಬೀದಿಯಲ್ಲಿ ನಿಂತಾಗ ಫೋನು ಮೇಲೆಯೇ ಉಳಿದದ್ದು ನೆನಪಾಯಿತು. ಕಟ್ಟಡದ ಬಾಗಿಲು ತನ್ನಿಂದ ತಾನೇ ಬೀಗ ಹಾಕಿಕೊಂಡಿತ್ತು. ಬೆಲ್ ಒತ್ತಿದ. ಮತ್ತೆ ಒತ್ತಿದ. ಮೇಲಿನ ಕಿಟಕಿಯಲ್ಲಿ ಪರದೆ ಒಮ್ಮೆ ಅಲುಗಿ ಸುಮ್ಮನಾಯಿತು. ಅರ್ಧ ಗಂಟೆ ನಿಂತ. ಗಂಡ ಹೆಂಡತಿ ಇಬ್ಬರು ತಮ್ಮ ನಾಯಿಯನ್ನು ಅವನಿಂದ ಸ್ವಲ್ಪ ದೂರ ಎಳೆದುಕೊಂಡು ನಡೆದರು. ಎಲ್ಲೋ ಸೈರನ್ ಕೇಳಿತು, ಹತ್ತಿರ ಬಂತು, ಬೇರೆ ಬೀದಿಗೆ ತಿರುಗಿತು. ಅಷ್ಟು ಹೊತ್ತು ಅವನು ಉಸಿರಾಡಿರಲಿಲ್ಲ.

ಕಾಲು ಮರಗಟ್ಟಿದ ಮೇಲೆ ನದಿಯ ಕಡೆಗೆ ನಡೆದ. ಹಿಂದೆ ಹಡಗುಕಟ್ಟೆಯಿದ್ದ ಜಾಗದಲ್ಲಿ ಈಗ ಹುಲ್ಲುಹಾಸು, ಬೆಂಚು, ಓಡುವವರು. ಆಚೆ ದಂಡೆಯಲ್ಲಿ ಮ್ಯಾನ್‌ಹಟನ್ ಗಾಜಿನಲ್ಲಿ ಬಿಸಿಲು ಹಿಡಿದುಕೊಂಡು ನಿಂತಿತ್ತು. ಕಟಕಟೆಯ ಹತ್ತಿರ ಏಳೆಂಟು ಜನ ಗುಂಪಾಗಿ ಕೆಳಗೆ ನೋಡುತ್ತಿದ್ದರು. ಅವನೂ ಹೋಗಿ ನಿಂತ.

ಕೆಳಗೆ ಮಂಜುಗಡ್ಡೆಯ ತುಣುಕುಗಳ ನಡುವೆ ದೊಡ್ಡ ಕಡಲಹಕ್ಕಿಯೊಂದು ಪಾರಿವಾಳದ ಕುತ್ತಿಗೆ ಕಚ್ಚಿ ನೀರಿನಲ್ಲಿ ಅದ್ದುತ್ತಿತ್ತು. ಸಿಟ್ಟಿರಲಿಲ್ಲ, ಅವಸರವಿರಲಿಲ್ಲ. ಸ್ವಲ್ಪ ಹೊತ್ತು ಒತ್ತಿ ಹಿಡಿಯುವುದು, ಬಿಡುವುದು. ಪಾರಿವಾಳ ತಲೆ ಎತ್ತಿ ಕೊಕ್ಕು ತೆರೆದರೆ, ಆ ಕೊಕ್ಕು ಪೂರ್ತಿ ತೆರೆಯುವ ತನಕ ಕಾಯುವುದು, ಮತ್ತೆ ಒತ್ತುವುದು. ಎಲ್ಲರೂ ಫೋನು ಚಾಚಿ ಹಿಡಿದಿದ್ದರು. ಯಾರಾದರೂ ಒಂದು ಕಲ್ಲು ಎಸೆಯಬಹುದಿತ್ತು. ಕೂಗಬೇಕೆಂದು ಮೃತ್ಯುಂಜಯ ಬಾಯಿ ತೆರೆದ.

ಹಿಂದಿನಿಂದ ಒಬ್ಬಳು ಅವನ ಭುಜ ಮುಟ್ಟಿ, ಕ್ಷಮಿಸಿ, ನೀವು ಅಡ್ಡ ಬರ್ತಿದ್ದೀರಿ ಎಂದು ಮೆಲ್ಲಗೆ ಹೇಳಿದಳು.

ಸಾರಿ ಎಂದು ಅವನು ಪಕ್ಕಕ್ಕೆ ಸರಿದು ನಿಂತ. ಕೆಳಗೆ ಪಾರಿವಾಳ ಇನ್ನೊಮ್ಮೆ ತಲೆ ಎತ್ತಿತು.